ವಲಸೆ ಬೇಟೆ ಹಕ್ಕಿಗಳ ಎಣಿಕೆ: ಮೊದಲ ಸಲ ಹೋಗುವವರಿಗೆ ಹಂತ ಹಂತವಾಗಿ

"ನನಗೆ ಹದ್ದಿಗೂ ಗಿಡುಗಕ್ಕೂ ವ್ಯತ್ಯಾಸ ಗೊತ್ತಾಗಲ್ಲ, ನಾನು ಎಣಿಕೆಗೆ ಬರಬಹುದಾ?" ಶರತ್ಕಾಲ ಹತ್ತಿರ ಬಂತು ಅಂದರೆ ಈ ಪ್ರಶ್ನೆ ಶುರು. ಅದರ ಬೆನ್ನಿಗೇ ಇನ್ನೆರಡು: ಯಾವ ಬೈನಾಕ್ಯುಲರ್ ತಗೊಳ್ಳಲಿ, ಒಂದೇ ಹಕ್ಕಿಯನ್ನು ಎರಡು ಸಲ ಎಣಿಸಿಬಿಟ್ಟರೆ ಏನು ಮಾಡೋದು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿ ಸಾಕಾಗಿದೆ, ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಮೊದಲ ಪ್ರಶ್ನೆಗೆ ಉತ್ತರ: ಬನ್ನಿ. ಆಕಾಶವನ್ನು ಗಂಟೆಗಟ್ಟಲೆ ನೋಡುವ ತಾಳ್ಮೆ ಬೇಕು, ಕಂಡದ್ದನ್ನು ಕಂಡಷ್ಟೇ ಬರೆಯುವ ಪ್ರಾಮಾಣಿಕತೆ ಬೇಕು. ಹೆಸರು ಹೇಳುವವರು ಪಕ್ಕದಲ್ಲಿ ಇದ್ದೇ ಇರುತ್ತಾರೆ. ಆದರೆ ದೂರದ ಚುಕ್ಕೆಯನ್ನು ಮೊದಲು ಕಂಡು "ಅಗೋ" ಅನ್ನುವ ಕಣ್ಣುಗಳು ಎಷ್ಟಿದ್ದರೂ ಸಾಲದು.

ಮೊದಲು ಒಂದೆರಡು ವಿಷಯ ತಿಳಿದಿರಲಿ. ಉತ್ತರ ಗೋಳಾರ್ಧದಲ್ಲಿ ಆಗಸ್ಟ್‌ನಿಂದ ನವೆಂಬರ್‌ವರೆಗೆ ಬೇಟೆ ಹಕ್ಕಿಗಳು, ಅಂದರೆ ಹದ್ದು, ಗಿಡುಗ, ಚಾಣದಂಥ ಬೇಟೆಯಾಡಿ ತಿನ್ನುವ ಹಕ್ಕಿಗಳು, ದಕ್ಷಿಣಕ್ಕೆ ಹೊರಡುತ್ತವೆ. ಅಗಲ ರೆಕ್ಕೆಯವು ರೆಕ್ಕೆ ಬಡಿದು ಶಕ್ತಿ ಕಳೆದುಕೊಳ್ಳುವುದಿಲ್ಲ, ಥರ್ಮಲ್ ಹತ್ತುತ್ತವೆ. ಥರ್ಮಲ್ ಅಂದರೆ ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಬಿಸಿಗಾಳಿ. ಅದರೊಳಗೆ ಸುತ್ತುತ್ತಾ ಮೇಲೆ ಹೋಗಿ, ಅಲ್ಲಿಂದ ಜಾರಿಕೊಂಡು ಮುಂದಿನ ಥರ್ಮಲ್‌ಗೆ ಹೋಗುತ್ತವೆ. ಸಮುದ್ರದ ಮೇಲೆ ಇಂಥ ಗಾಳಿ ಸರಿಯಾಗಿ ಏಳುವುದಿಲ್ಲ. ಅದಕ್ಕೇ ಇವು ನೀರನ್ನು ಸುತ್ತು ಹಾಕಿಕೊಂಡು ಹೋಗುತ್ತವೆ, ಒಂದೊಂದು ಕಿರಿದಾದ ದಾರಿಯಲ್ಲಿ ಬಂದು ಒತ್ತೊತ್ತಾಗಿ ಸೇರುತ್ತವೆ. ಕಪ್ಪು ಸಮುದ್ರಕ್ಕೂ ಕಾಕಸಸ್ ಬೆಟ್ಟಗಳಿಗೂ ನಡುವೆ ಇರುವ ಜಾರ್ಜಿಯಾದ ಬಟುಮಿ ಅಂಥ ಜಾಗ, ಅಲ್ಲಿ ಒಂದು ಶರತ್ಕಾಲದಲ್ಲಿ 10 ಲಕ್ಷಕ್ಕೂ ಜಾಸ್ತಿ ಹಕ್ಕಿ ಹಾದುಹೋಗುತ್ತವೆ. ಮೆಕ್ಸಿಕೋದ ವೆರಾಕ್ರೂಜ್‌ನಲ್ಲಿ ಇನ್ನೂ ಹೆಚ್ಚು, 40 ಲಕ್ಷ ದಾಟುತ್ತದೆ. ಎಲ್ಲ ಹಕ್ಕಿಯೂ ನೀರಿಗೆ ಹೆದರುತ್ತದೆ ಅಂದುಕೊಳ್ಳಬೇಡಿ. ಪಾರಿವಾಳದಷ್ಟೇ ಇರುವ ಅಮುರ್ ಚಾಣ ಅರಬ್ಬಿ ಸಮುದ್ರವನ್ನೇ ದಾಟಿ ಆಫ್ರಿಕಾ ಸೇರುತ್ತದೆ.

ಈಗ ಕೆಲಸಕ್ಕೆ ಬರೋಣ.

1. ಜಾಗ ಮತ್ತು ದಿನ ಆರಿಸಿಕೊಳ್ಳಿ

ಈಗಾಗಲೇ ಎಣಿಕೆ ನಡೆಯುತ್ತಿರುವ ತಾಣವಿದ್ದರೆ ಅಲ್ಲಿಗೇ ಹೋಗಿ. ಹೊಸ ಜಾಗ ಹುಡುಕುವ ಉತ್ಸಾಹ ಎಲ್ಲರಿಗೂ ಇರುತ್ತದೆ, ಆದರೆ ಒಂದೇ ಜಾಗದಲ್ಲಿ, ಒಂದೇ ರೀತಿಯಲ್ಲಿ ವರ್ಷಾನುಗಟ್ಟಲೆ ಎಣಿಸಿದಾಗ ಮಾತ್ರ ಆ ಅಂಕಿಗೆ ಬೆಲೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಹಾಕ್ ಮೌಂಟನ್‌ನಲ್ಲಿ ಎಣಿಕೆ ಶುರುವಾಗಿದ್ದು 1934ರಲ್ಲಿ. ಅದಕ್ಕೆ ಮೊದಲು ಜನ ಅಲ್ಲಿಗೆ ಬಂದೂಕು ತರುತ್ತಿದ್ದರು. ರೋಸಲೀ ಎಡ್ಜ್ ಎಂಬ ಮಹಿಳೆ ಆ ಬೆಟ್ಟವನ್ನು ಪಡೆದು ರಕ್ಷಣಾಧಾಮ ಮಾಡಿದ ಮೇಲೆ ಬೈನಾಕ್ಯುಲರ್ ಬಂತು.

ಯಾವ ವಾರ ಹೋಗಬೇಕು ಅನ್ನೋದು ಯಾವ ಹಕ್ಕಿ ನೋಡಬೇಕು ಅನ್ನೋದರ ಮೇಲೆ ನಿಂತಿದೆ. ಬಟುಮಿಯಲ್ಲಿ ಜೇನುಗಿಡುಗಗಳ ಭರಾಟೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ, ಸ್ಟೆಪ್ಪಿ ಬಝರ್ಡ್ ಎಂಬ ಗಿಡುಗಗಳದ್ದು ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಶುರುವಿನಲ್ಲಿ. ಅಮೆರಿಕದ ಈಶಾನ್ಯ ಭಾಗದಲ್ಲಿ ಬ್ರಾಡ್‌ವಿಂಗ್ಡ್ ಹಾಕ್ ಎಂಬ ಅಗಲ ರೆಕ್ಕೆಯ ಗಿಡುಗ ಸೆಪ್ಟೆಂಬರ್ ನಡುವಿನ ಕೆಲವೇ ದಿನಗಳಲ್ಲಿ ಹೆಚ್ಚುಕಡಿಮೆ ಪೂರ್ತಿ ದಾಟಿಬಿಡುತ್ತದೆ. ಒಂದು ವಾರ ತಡವಾದರೆ ಖಾಲಿ ಆಕಾಶ. ಗೋಲ್ಡನ್ ಈಗಲ್ ನೋಡಬೇಕಾದರೆ ನವೆಂಬರ್‌ವರೆಗೆ ಕಾಯಬೇಕು.

ಹವಾಮಾನ ನೋಡಿಕೊಳ್ಳಿ. ಮಳೆ ಮತ್ತು ಮಂಜಿನಲ್ಲಿ ಹಕ್ಕಿಗಳು ಮರ ಹಿಡಿದು ಕೂತಿರುತ್ತವೆ. ಎರಡು ದಿನ ಸುರಿದು ಹೊಳವಾದ ಬೆಳಗ್ಗೆ ಇದೆಯಲ್ಲ, ಅವತ್ತು ರಜೆ ಹಾಕಿಯಾದರೂ ಹೋಗಿ. ಬೆಟ್ಟದ ಸಾಲಿನ ತಾಣವಾದರೆ ಗಾಳಿಯ ದಿಕ್ಕು ಮುಖ್ಯ. ಗಾಳಿ ಬೆಟ್ಟಕ್ಕೆ ಅಡ್ಡ ಬಡಿದು ಮೇಲೇಳುತ್ತದೆ, ಹಕ್ಕಿಗಳು ಆ ಏರುಗಾಳಿಯ ಮೇಲೆ ಸಾಲು ಹಿಡಿದು ಬರುತ್ತವೆ. ಹಾಕ್ ಮೌಂಟನ್‌ನಲ್ಲಿ ತಂಪು ಗಾಳಿ ನುಗ್ಗಿ ವಾಯವ್ಯದಿಂದ ಬೀಸುವ ದಿನಗಳಿಗೆ ಜನ ಕಾಯುವುದು ಇದಕ್ಕೇ.

2. ಸಾಮಾನು

ಬೈನಾಕ್ಯುಲರ್: 8x42 ಅಥವಾ 10x42. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಅನ್ನೋದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. 10 ಪಟ್ಟಿನದ್ದರಲ್ಲಿ ದೂರದ್ದು ಚೆನ್ನಾಗಿ ಕಾಣುತ್ತದೆ, ಆದರೆ ಕೈ ನಡುಕವೂ ಅಷ್ಟೇ ದೊಡ್ಡದಾಗುತ್ತದೆ. ಹೊಸಬರಿಗೆ 8 ಸಾಕು ಅನ್ನೋದು ನನ್ನ ಅಭಿಪ್ರಾಯ. 16 ಪಟ್ಟು, 20 ಪಟ್ಟು ಅಂತ ಆಸೆ ಹುಟ್ಟಿಸುವ ಪುಟ್ಟ ಬೈನಾಕ್ಯುಲರ್‌ಗಳ ಹತ್ತಿರಕ್ಕೂ ಹೋಗಬೇಡಿ, ಅದರಲ್ಲಿ ಹಕ್ಕಿಯನ್ನು ಹುಡುಕುವಷ್ಟರಲ್ಲಿ ಹಕ್ಕಿ ಮುಂದಿನ ಊರು ಸೇರಿರುತ್ತದೆ.

ಸ್ಪಾಟಿಂಗ್ ಸ್ಕೋಪ್, ಅಂದರೆ ಮೂರು ಕಾಲಿನ ಸ್ಟ್ಯಾಂಡ್ ಮೇಲೆ ಕೂರಿಸುವ ದೂರದರ್ಶಕ, ತಂಡದಲ್ಲಿ ಒಂದಿದ್ದರೆ ಸಾಕು. ಕ್ಲಿಕ್ಕರ್ ತಗೊಳ್ಳಿ. ಬೆರಳಲ್ಲಿ ಒತ್ತಿದರೆ ಒಂದೊಂದೇ ಅಂಕಿ ಏರುವ ಪುಟ್ಟ ಯಂತ್ರ ಇದು, ಎರಡಿದ್ದರೆ ಇನ್ನೂ ಒಳ್ಳೆಯದು. ಪುಸ್ತಕ, ಪೆನ್ಸಿಲ್ (ಪೆನ್ನಿನ ಬರಹ ನೀರಿಗೆ ಅಳಿಸಿಹೋಗುತ್ತದೆ), ಟೋಪಿ, ಕುಡಿಯುವ ನೀರು, ಬೆನ್ನು ಒರಗಿಸಬಹುದಾದ ಕುರ್ಚಿ. ಕುರ್ಚಿ ಐಷಾರಾಮಿ ಅಲ್ಲ. ಆರು ಗಂಟೆ ಕತ್ತು ಎತ್ತಿ ನಿಂತು ನೋಡಿ, ಆಮೇಲೆ ಹೇಳಿ.

ಎಚ್ಚರ: ಬೈನಾಕ್ಯುಲರ್ ಅಥವಾ ಸ್ಕೋಪ್ ಯಾವ ಕಾರಣಕ್ಕೂ ಸೂರ್ಯನ ಕಡೆ ತಿರುಗಬಾರದು. ಹಕ್ಕಿಯ ಹಿಂದೆ ಹೋಗುತ್ತಾ ಹೋಗುತ್ತಾ ಸೂರ್ಯನ ಮೇಲೆ ಬಂದುಬಿಡೋದು ತುಂಬಾ ಸುಲಭ, ಕಣ್ಣು ಶಾಶ್ವತವಾಗಿ ಹಾಳಾಗುತ್ತದೆ. ಹಕ್ಕಿ ಸೂರ್ಯನ ಹತ್ತಿರ ಹೋದರೆ ಬಿಟ್ಟುಬಿಡಿ, ಆಚೆ ಬಂದಾಗ ಹಿಡಿಯಿರಿ.

3. ಬಣ್ಣ ಮರೆತು ಆಕಾರ ಕಲಿಯಿರಿ

ಹೊಸಬರು ಸೋಲುವುದು ಇಲ್ಲೇ. ಪುಸ್ತಕದ ಚಿತ್ರದಲ್ಲಿ ಎದೆಯ ಗೆರೆ, ಕಣ್ಣಿನ ಬಣ್ಣ ಎಲ್ಲ ಇರುತ್ತದೆ. ಬೆಟ್ಟದ ಮೇಲೆ ನಿಮಗೆ ಸಿಗುವುದು ಬೆಳಕಿಗೆ ಎದುರಾಗಿ ಹೋಗುವ ಕಪ್ಪು ನೆರಳು, ಒಂದೆರಡು ಕಿಲೋಮೀಟರ್ ದೂರದಲ್ಲಿ. ಆದ್ದರಿಂದ ಮೂರನ್ನು ಮಾತ್ರ ನೋಡಿ: ರೆಕ್ಕೆಯ ಆಕಾರ, ಬಾಲದ ಉದ್ದ, ಹಾರುವ ರೀತಿ.

ನಮ್ಮ ಮಾತಿನಲ್ಲಿ ದೊಡ್ಡದಾಗಿ ಕಂಡದ್ದೆಲ್ಲ ಹದ್ದೇ. ಇಲ್ಲಿ ಅದು ನಡೆಯಲ್ಲ, ಹಾಗಾಗಿ ಕೆಲವು ಇಂಗ್ಲಿಷ್ ಹೆಸರುಗಳನ್ನೇ ಇಟ್ಟುಕೊಂಡಿದ್ದೇನೆ.

ಚಾಣಗಳು (ಫಾಲ್ಕನ್): ಚೂಪು ರೆಕ್ಕೆ, ಉದ್ದ ಬಾಲ, ಬಿಡದೆ ರೆಕ್ಕೆ ಬಡಿಯುತ್ತವೆ, ಏನೋ ಅವಸರ ಇದ್ದವರ ಹಾಗೆ.

ಸ್ಪ್ಯಾರೋಹಾಕ್ ಜಾತಿಯ ಚಿಕ್ಕ ಗಿಡುಗಗಳು: ಗಿಡ್ಡ, ದುಂಡು ರೆಕ್ಕೆ, ಉದ್ದ ಬಾಲ. ಹಾರಾಟ ನೋಡಿದರೆ ಸಾಕು: ಪಟಪಟ ಬಡಿತ, ಜಾರು, ಮತ್ತೆ ಪಟಪಟ, ಜಾರು.

ಬಝರ್ಡ್‌ಗಳು: ಅಗಲ ರೆಕ್ಕೆ, ಬೀಸಣಿಗೆಯಂತೆ ಬಿಚ್ಚುವ ಗಿಡ್ಡ ಬಾಲ. ಸುತ್ತುವುದರಲ್ಲಿ ನಿಸ್ಸೀಮರು.

ಜೇನುಗಿಡುಗ ನೋಡಲು ಬಝರ್ಡ್ ಥರವೇ. ಆದರೆ ತಲೆ ಸಣ್ಣ, ಕುತ್ತಿಗೆ ಮುಂದಕ್ಕೆ ಚಾಚಿರುತ್ತದೆ, ಕೋಗಿಲೆಯ ತಲೆ ಹಚ್ಚಿದ ಹಾಗೆ. ತೇಲುವಾಗ ರೆಕ್ಕೆ ಚಪ್ಪಟೆ. ಬಝರ್ಡ್ ತೇಲುವಾಗ ರೆಕ್ಕೆ ಸ್ವಲ್ಪ ಮೇಲಕ್ಕೆ ಎತ್ತಿರುತ್ತದೆ. ಎದುರಿನಿಂದ ಬರುವಾಗ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ಸೆಳೆವಗಳು (ಹ್ಯಾರಿಯರ್): ತೆಳ್ಳಗೆ, ಉದ್ದ ಬಾಲ, ರೆಕ್ಕೆ ವಿ ಆಕಾರದಲ್ಲಿ ಎತ್ತಿಕೊಂಡು ಹೊಯ್ದಾಡುತ್ತಾ ಹೋಗುತ್ತವೆ.

ಆಸ್ಪ್ರೇ, ಅಂದರೆ ಮೀನು ಹಿಡಿಯುವ ಹಕ್ಕಿ: ರೆಕ್ಕೆ ಮಣಿಕಟ್ಟಿನಲ್ಲಿ ಬಾಗಿ, ಎದುರಿನಿಂದ ಎಮ್ ಅಕ್ಷರದ ಹಾಗೆ ಕಾಣುತ್ತದೆ. ಈಗಲ್: ಹಲಗೆಯಂಥ ಉದ್ದ ರೆಕ್ಕೆ, ತುದಿಯಲ್ಲಿ ಬೆರಳುಗಳು ಬಿಡಿಸಿದ ಹಾಗೆ ಗರಿಗಳು. ಕರಿ ಕೈಟ್: ಕವಲೊಡೆದ ಬಾಲ, ಅದನ್ನು ಚುಕ್ಕಾಣಿಯ ಹಾಗೆ ತಿರುಗಿಸುತ್ತಲೇ ಇರುತ್ತದೆ.

ಗಾತ್ರವನ್ನು ನಂಬಬೇಡಿ. ನೀಲಿ ಆಕಾಶದಲ್ಲಿ ಒಂಟಿ ಹಕ್ಕಿಯ ಗಾತ್ರ ಅಳೆಯಲು ಪಕ್ಕದಲ್ಲಿ ಏನೂ ಇರಲ್ಲ. ಸಾಲದ್ದಕ್ಕೆ ಸ್ಪ್ಯಾರೋಹಾಕ್‌ಗಳಲ್ಲಿ ಹೆಣ್ಣು ಗಂಡಿಗಿಂತ ತುಂಬಾ ದೊಡ್ಡದು, ಅದನ್ನು ನೋಡಿ ಬೇರೆ ಜಾತಿ ಅಂತ ಬರೆದವರು ಎಷ್ಟೋ ಜನ.

ಸಾಧ್ಯವಾದರೆ ಮರಿಯೋ ದೊಡ್ಡದೋ ಅಂತಲೂ ಗುರುತಿಸಿ. ಆ ವರ್ಷ ಹುಟ್ಟಿದ ಹಕ್ಕಿಯ ರೆಕ್ಕೆಯ ಹಿಂದಂಚು ಕತ್ತರಿಸಿದ ಹಾಗೆ ನೀಟಾಗಿರುತ್ತದೆ. ದೊಡ್ಡ ಹಕ್ಕಿಗೆ ಗರಿ ಉದುರಿ ಹೊಸದು ಬರುತ್ತಿದ್ದರೆ ನಡುನಡುವೆ ಸಂದು ಕಾಣುತ್ತದೆ. ಇದು ಸುಮ್ನೆ ಶೋಕಿಗಲ್ಲ. ಹಾಕ್ ಮೌಂಟನ್‌ನಲ್ಲಿ 1935ರಿಂದ 1939ರವರೆಗೆ ಕಂಡ ಬಾಲ್ಡ್ ಈಗಲ್‌ಗಳಲ್ಲಿ ಶೇ. 40 ಎಳೆಯವು. 1955ರಿಂದ 1959ರ ಹೊತ್ತಿಗೆ ಅದು ಶೇ. 20ಕ್ಕೆ ಇಳಿದಿತ್ತು. ದೊಡ್ಡವು ಹಾರುತ್ತಿದ್ದವು, ಮರಿಗಳು ಕಡಿಮೆಯಾಗುತ್ತಿದ್ದವು. ಡಿಡಿಟಿ ಕೀಟನಾಶಕದ ವಿರುದ್ಧ 1962ರಲ್ಲಿ ಬರೆದಾಗ ಅಮೆರಿಕದ ಲೇಖಕಿ ರೇಚಲ್ ಕಾರ್ಸನ್ ಬಳಸಿಕೊಂಡ ಸಾಕ್ಷ್ಯಗಳಲ್ಲಿ ಈ ಅಂಕಿಗಳೂ ಇದ್ದವು. ಅಷ್ಟೂ ವರ್ಷ ಬೆಟ್ಟದ ಮೇಲೆ ಕೂತು ವಯಸ್ಸಿನ ಕಾಲಂ ಖಾಲಿ ಬಿಟ್ಟಿದ್ದರೆ ಒಟ್ಟು ಸಂಖ್ಯೆಯಿಂದ ಇದು ಇಷ್ಟು ಬೇಗ ಗೊತ್ತಾಗುತ್ತಿರಲಿಲ್ಲ.

4. ಆಕಾಶ ಹಂಚಿಕೊಳ್ಳಿ

ನಾಲ್ಕು ಜನ ಇದ್ದು ನಾಲ್ವರೂ ಒಂದೇ ಹಕ್ಕಿ ನೋಡುತ್ತಿದ್ದರೆ ಒಬ್ಬರೇ ಇದ್ದ ಹಾಗೆ. ಎಡ, ನಡು, ಬಲ, ನೆತ್ತಿ ಅಂತ ಮೊದಲೇ ಹಂಚಿಕೊಳ್ಳಿ. ನೆತ್ತಿಯನ್ನು ಎಲ್ಲರೂ ಮರೆಯುತ್ತಾರೆ.

ಬರಿಗಣ್ಣಿಗೆ ಕಾಣುವುದು ಸ್ವಲ್ಪವೇ. ಬೈನಾಕ್ಯುಲರ್ ಹಿಡಿದು ದಿಗಂತದ ಗುಂಟ ನಿಧಾನವಾಗಿ ಸರಿಯಿರಿ, ಕೊನೆ ಮುಟ್ಟಿದ ಮೇಲೆ ಸ್ವಲ್ಪ ಎತ್ತರಿಸಿ ವಾಪಸ್ ಬನ್ನಿ, ಕೆಳಗಿನ ಪಟ್ಟಿಯ ಅಂಚು ಸ್ವಲ್ಪ ಸೇರುವ ಹಾಗೆ. ಬಿಳಿ ಮೋಡ ಸಿಕ್ಕರೆ ಅಲ್ಲಿ ನಿಲ್ಲಿ, ಹಕ್ಕಿ ಎದ್ದು ಕಾಣುತ್ತದೆ. ನಿರ್ಮಲವಾದ ನೀಲಿ ಆಕಾಶ ಚೆಂದವೇನೋ ಹೌದು, ಎಣಿಸುವವರಿಗೆ ಮಾತ್ರ ಶತ್ರು. ಮಧ್ಯಾಹ್ನ ಥರ್ಮಲ್ ಜೋರಾದಾಗ ಹಕ್ಕಿಗಳು ಕಣ್ಣಿಗೆ ಕಾಣದಷ್ಟು ಮೇಲೆ ಹೋಗುತ್ತವೆ. "ಹನ್ನೆರಡರಿಂದ ಏನೂ ಇಲ್ಲ, ಊಟ ಮಾಡಿ ಮಲಗೋಣ" ಅನ್ನುವ ಹೊತ್ತಿಗೆ ತಲೆಯ ಮೇಲೆ ನೂರಾರು ಹೋಗುತ್ತಿರಬಹುದು.

ಹಕ್ಕಿ ಎಲ್ಲಿದೆ ಅಂತ ಹೇಳೋದನ್ನೂ ಕಲಿಯಬೇಕು. "ಅಲ್ಲಿ, ಅಲ್ಲಿ!" ಅಂತ ಕೂಗಿದರೆ ಯಾರಿಗೂ ಸಿಗಲ್ಲ. ಎಲ್ಲರೂ ಒಪ್ಪಿದ ಗುರುತುಗಳಿಗೆ ಹೆಸರಿಡಿ: ಒಂಟಿ ಮರ, ಟವರ್, ಜೋಡಿ ಗುಡ್ಡ. ಆಮೇಲೆ "ಟವರ್‌ನಿಂದ ಎರಡು ಮುಷ್ಟಿ ಬಲಕ್ಕೆ, ಒಂದು ಮುಷ್ಟಿ ಮೇಲೆ, ಎಡಕ್ಕೆ ಹೋಗ್ತಿದೆ" ಅನ್ನಿ. ಕೈ ಪೂರ್ತಿ ಚಾಚಿ ಹಿಡಿದ ಮುಷ್ಟಿ ಆಕಾಶದಲ್ಲಿ ಸುಮಾರು 10 ಡಿಗ್ರಿ ಅಗಲ, ಎಲ್ಲರ ಮುಷ್ಟಿಯೂ ಹೆಚ್ಚುಕಡಿಮೆ ಅಷ್ಟೇ.

5. ಗೆರೆ ಎಳೆಯಿರಿ, ದಾಟಿದ್ದನ್ನು ಮಾತ್ರ ಎಣಿಸಿ

ಎರಡು ಸಲ ಎಣಿಸುವ ಭಯಕ್ಕೆ ಇದೇ ಮದ್ದು. ನೀವು ನಿಂತ ಜಾಗದಿಂದ ಎರಡೂ ಕಡೆ, ಹಕ್ಕಿಗಳ ದಾರಿಗೆ ಅಡ್ಡವಾಗಿ, ಮನಸ್ಸಿನಲ್ಲೇ ಒಂದು ಗೆರೆ ಎಳೆಯಿರಿ. ಹಕ್ಕಿ ಆ ಗೆರೆ ದಾಟಿ ದಕ್ಷಿಣಕ್ಕೆ ಹೋಯಿತು ಅಂದರೆ ಒಂದು ಕ್ಲಿಕ್. ಗೆರೆಯ ಈಚೆ ಎಷ್ಟೇ ಹೊತ್ತು ಸುತ್ತಲಿ, ಎಷ್ಟೇ ಚೆಂದ ಕಾಣಲಿ, ಕ್ಲಿಕ್ ಇಲ್ಲ.

ಅಲ್ಲೇ ವಾಸ ಇರುವ ಹಕ್ಕಿಗಳು ದಿನವಿಡೀ ಅತ್ತ ಇತ್ತ ಓಡಾಡಿ ತಲೆ ಕೆಡಿಸುತ್ತವೆ. ಮೊದಲ ಗಂಟೆಯಲ್ಲೇ ಅವುಗಳ ಪರಿಚಯ ಮಾಡಿಕೊಳ್ಳಿ. ಬಲ ರೆಕ್ಕೆಯಲ್ಲಿ ಒಂದು ಗರಿ ಕಮ್ಮಿ ಇರುವುದು, ಟವರ್ ಮೇಲೆ ಬಂದು ಕೂರುವುದು, ಹೀಗೆ ಬರೆದಿಟ್ಟುಕೊಂಡರೆ ಆಮೇಲೆ ಮೋಸ ಹೋಗುವುದಿಲ್ಲ. ದಾಟಿದ್ದು ವಾಪಸ್ ಉತ್ತರಕ್ಕೆ ಬಂದರೆ ಏನು ಮಾಡಬೇಕು ಅನ್ನೋದಕ್ಕೆ ಪ್ರತಿ ತಾಣಕ್ಕೂ ಅದರದೇ ನಿಯಮ ಇರುತ್ತದೆ, ಹೋದ ದಿನವೇ ಕೇಳಿಕೊಳ್ಳಿ. ನಿಮ್ಮದೇ ನಿಯಮ ಮಾಡಬೇಡಿ.

6. ಕೆಟಲ್ ಬಂದಾಗ

ಕೆಟಲ್ ಅಂದರೆ ಒಂದೇ ಥರ್ಮಲ್‌ನಲ್ಲಿ ಗಿರಗಿರ ಸುತ್ತುವ ಹಕ್ಕಿಗಳ ಗುಂಪು. ಕುದಿಯುವ ಪಾತ್ರೆಯ ಹಾಗೆ ಕಾಣುತ್ತದೆ ಅಂತ ಆ ಹೆಸರು. ಅಮೆರಿಕದ ಡುಲೂತ್‌ನ ಹಾಕ್ ರಿಡ್ಜ್‌ನಲ್ಲಿ 2003ರ ಸೆಪ್ಟೆಂಬರ್ 15ರಂದು ಒಂದೇ ದಿನ ಒಂದು ಲಕ್ಷಕ್ಕೂ ಜಾಸ್ತಿ ಹಕ್ಕಿ ಎಣಿಸಿದರು, ಬಹುಪಾಲು ಬ್ರಾಡ್‌ವಿಂಗ್ಡ್ ಹಾಕ್. ಅಂಥದ್ದು ಎದುರಾದರೆ ಹೇಗೆ?

ಸುತ್ತುತ್ತಿರುವಾಗ ಎಣಿಸಬೇಡಿ. ನಾನು ಮೊದಲ ಸಲ ಎಣಿಸಿದೆ, ಮೂರು ಸಲ ಎಣಿಸಿ ಮೂರು ಉತ್ತರ ಬಂತು. ಕಾಯಿರಿ. ಮೇಲಿನ ತುದಿ ಮುಟ್ಟಿದ ಹಕ್ಕಿಗಳು ಒಂದರ ಹಿಂದೆ ಒಂದು ಸಾಲಾಗಿ ಮುಂದಿನ ಥರ್ಮಲ್ ಕಡೆ ಜಾರಲು ಶುರು ಮಾಡುತ್ತವೆ. ಬೈನಾಕ್ಯುಲರನ್ನು ಆ ಸಾಲಿನ ಒಂದು ಕಡೆ ನಿಲ್ಲಿಸಿ, ಅಲ್ಲಾಡಿಸದೆ, ಹಾದುಹೋದದ್ದಕ್ಕೆ ಕ್ಲಿಕ್ ಮಾಡುತ್ತಾ ಹೋಗಿ.

ಸಾಲು ದಪ್ಪವಾಗಿ ಒಂದೊಂದೇ ಎಣಿಸಲು ಆಗದಿದ್ದರೆ ಹತ್ತರ ಲೆಕ್ಕಕ್ಕೆ ಹೋಗಿ. ಮೊದಲು ಹತ್ತು ಹಕ್ಕಿಯನ್ನು ನಿಜವಾಗಿಯೂ ಎಣಿಸಿ, ಅವು ಎಷ್ಟು ಜಾಗ ತುಂಬಿವೆ ನೋಡಿ, ಅಷ್ಟಷ್ಟು ಜಾಗಕ್ಕೆ ಒಂದು ಕ್ಲಿಕ್. ದೊಡ್ಡ ಗುಂಪು ಕಂಡಾಗ ನಾವು ಸಾಮಾನ್ಯವಾಗಿ ಕಡಿಮೆಯೇ ಅಂದಾಜು ಮಾಡುತ್ತೇವೆ. ಮನೆಯಲ್ಲಿ ಅಭ್ಯಾಸ ಮಾಡಬಹುದು: ಹಕ್ಕಿ ಗುಂಪಿನ ಫೋಟೋ ಐದು ಸೆಕೆಂಡ್ ನೋಡಿ, ಸಂಖ್ಯೆ ಹೇಳಿ, ಆಮೇಲೆ ಒಂದೊಂದೇ ಎಣಿಸಿ ನೋಡಿ. ಮೊದಲ ದಿನ ನಾಚಿಕೆಯಾಗುತ್ತದೆ, ವಾರದಲ್ಲಿ ಸರಿಹೋಗುತ್ತದೆ.

ಇನ್ನೊಂದು ಮಾತು, ಇದು ನೋಡಲು ಬಂದ ಸ್ನೇಹಿತರಿಗೆ. ಕ್ಲಿಕ್ಕರ್ ಒತ್ತುತ್ತಿರುವವರ ಹತ್ತಿರ ಮಾತಾಡಬೇಡಿ. "ಎಷ್ಟಾಯ್ತು?" ಅಂತ ಕೇಳಲೇಬೇಡಿ.

7. ಗೊತ್ತಿಲ್ಲ ಅಂತ ಬರೆಯಿರಿ

ಇದನ್ನು ಬೇರೆ ಹಂತವಾಗಿ ಇಟ್ಟಿದ್ದೇ ಬೇಕೆಂದು. ಫಾರಂನಲ್ಲಿ "ಗುರುತಿಸದ ಚಾಣ", "ಗುರುತಿಸದ ಬಝರ್ಡ್", ಕೊನೆಗೆ "ಗುರುತಿಸದ ಬೇಟೆ ಹಕ್ಕಿ" ಅನ್ನುವ ಸಾಲುಗಳು ಇರುತ್ತವೆ. ಹೊಸಬರಿಗೆ ಅದನ್ನು ತುಂಬಲು ಅವಮಾನ. ಅನುಭವಿಗಳ ಹಾಳೆ ತೆಗೆದು ನೋಡಿ, ಆ ಸಾಲುಗಳಲ್ಲಿ ದಂಡಿಯಾಗಿ ಇರುತ್ತದೆ. ಮಾಂಟೇಗ್ಯೂ ಹ್ಯಾರಿಯರ್ ಮತ್ತು ಪ್ಯಾಲಿಡ್ ಹ್ಯಾರಿಯರ್‌ಗಳ ಹೆಣ್ಣು ಮತ್ತು ಮರಿಗಳನ್ನು ದೂರದಿಂದ ಬೇರೆ ಮಾಡಲು ಹಳಬರೇ ಒದ್ದಾಡುತ್ತಾರೆ.

"ಇದುವರೆಗೆ ಬಂದದ್ದೆಲ್ಲ ಜೇನುಗಿಡುಗ, ಇದೂ ಅದೇ ಇರಬೇಕು" ಅಂತ ಬರೆಯುವುದು ಅತಿ ದೊಡ್ಡ ತಪ್ಪು. ಹಾಳೆಯಲ್ಲಿ ಒಮ್ಮೆ ಹೋದ ಊಹೆಯನ್ನು ಆಮೇಲೆ ಯಾರೂ ಹೊರಗೆ ತೆಗೆಯಲಾರರು, ಅದು ನೋಡಿದ ಹಕ್ಕಿಯ ಪಕ್ಕದಲ್ಲೇ ಕೂತಿರುತ್ತದೆ.

8. ಗಂಟೆಗೊಂದು ಸಾಲು

ಪ್ರತಿ ಗಂಟೆಯ ಕೊನೆಗೆ ಕ್ಲಿಕ್ಕರ್ ಅಂಕಿ ಬರೆದು ಸೊನ್ನೆಗೆ ತನ್ನಿ. ಜೊತೆಗೆ ಗಾಳಿಯ ದಿಕ್ಕು ಮತ್ತು ವೇಗ, ಉಷ್ಣಾಂಶ, ಮೋಡ ಎಷ್ಟು ಭಾಗ, ಎಷ್ಟು ದೂರ ಕಾಣುತ್ತಿದೆ, ಹಕ್ಕಿಗಳು ಬರಿಗಣ್ಣಿಗೆ ಕಾಣುವ ಎತ್ತರದಲ್ಲಿವೆಯೋ ಬೈನಾಕ್ಯುಲರ್‌ಗೆ ಮಾತ್ರವೋ. ಎಷ್ಟು ಜನ ನೋಡುತ್ತಿದ್ದರು, ಎಷ್ಟು ನಿಮಿಷ ನೋಡಿದರು ಅನ್ನುವ ಎರಡು ಕಾಲಂಗಳನ್ನು ಯಾವತ್ತೂ ಖಾಲಿ ಬಿಡಬೇಡಿ. ಆರು ಜನ ಎಂಟು ಗಂಟೆ ನೋಡಿ ಕಂಡ 200 ಹಕ್ಕಿಯೂ, ಒಬ್ಬರು ಒಂದು ಗಂಟೆ ನೋಡಿ ಕಂಡ 200 ಹಕ್ಕಿಯೂ ಒಂದೇನಾ? ಅಲ್ಲ ಅಲ್ವಾ.

ಒಂದೂ ಬರದ ಗಂಟೆಗೆ ಸೊನ್ನೆ ಹಾಕಿ. ಖಾಲಿ ಬಿಟ್ಟರೆ, ನೋಡಿದರೂ ಬರಲಿಲ್ಲವೋ, ನೀವೇ ನೋಡಲಿಲ್ಲವೋ ಅಂತ ಮುಂದೆ ಓದುವವರಿಗೆ ಗೊತ್ತಾಗಲ್ಲ. ಮಳೆ ಬಂದು ಇಪ್ಪತ್ತು ನಿಮಿಷ ಒಳಗೆ ಕೂತರೆ ಅದನ್ನೂ ಕಳೆಯಿರಿ. ಶರತ್ಕಾಲದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ದೇಶಗಳಲ್ಲಿ ಇನ್ನೊಂದು ತಕರಾರು: ಇಡೀ ಸೀಸನ್ ಒಂದೇ ಸಮಯ ಹಿಡಿಯದಿದ್ದರೆ ಹತ್ತು ಗಂಟೆಯ ಹಕ್ಕಿಗಳು ಒಂಬತ್ತಕ್ಕೆ ಹೋಗಿ ಕೂರುತ್ತವೆ.

9. ಅವತ್ತೇ ಒಪ್ಪಿಸಿ

ಸಂಜೆ ಹೊರಡುವ ಮೊದಲು ತಂಡದವರೆಲ್ಲ ಕೂತು ಹಾಳೆ ತಾಳೆ ನೋಡಿ, ಮೊತ್ತ ಕೂಡಿಸಿ. ನಾಳೆ ನೋಡೋಣ ಅಂದರೆ "ಈ 7 ಏನು, 1 ಇರಬಹುದಾ?" ಅನ್ನುವ ಗೊಂದಲ ಗ್ಯಾರಂಟಿ. ಹಾಳೆಯ ಫೋಟೋ ತೆಗೆದಿಟ್ಟುಕೊಳ್ಳಿ. ಉತ್ತರ ಅಮೆರಿಕದ ತಾಣಗಳು ಹೆಚ್ಚಾಗಿ ಹಾಕ್‌ಕೌಂಟ್ ಎಂಬ ಜಾಲತಾಣಕ್ಕೆ, ಯುರೋಪಿನವು ಟ್ರೆಕ್‌ಟೆಲೆನ್ ಎಂಬ ಜಾಲತಾಣಕ್ಕೆ ಅಂಕಿ ಏರಿಸುತ್ತವೆ. ಇಬರ್ಡ್ ಜಾಲತಾಣ ಎಲ್ಲ ಕಡೆ ಇದೆ. ನೀವೇ ಪ್ರತ್ಯೇಕವಾಗಿ ಏರಿಸುವ ಮೊದಲು ತಾಣದ ಉಸ್ತುವಾರಿಯನ್ನು ಕೇಳಿ, ಇಲ್ಲದಿದ್ದರೆ ಒಂದೇ ದಿನದ ಎಣಿಕೆ ಎರಡು ಹೆಸರಿನಲ್ಲಿ ಹೋಗುತ್ತದೆ.

ಬೈನಾಕ್ಯುಲರ್ ಗಾಜನ್ನು ಅಂಗಿಯ ತುದಿಯಲ್ಲಿ ಒರೆಸಬೇಡಿ, ಧೂಳು ಊದಿ ತೆಗೆದು ಮೆತ್ತನೆ ಬಟ್ಟೆ ಬಳಸಿ. ಕ್ಲಿಕ್ಕರ್ ಸೊನ್ನೆಗೆ ಬಂದಿದೆಯಾ ನೋಡಿ ಚೀಲಕ್ಕೆ ಹಾಕಿ. ಬೆಳಗಿನ ತಂಡ ಕತ್ತಲಲ್ಲೇ ಬರುತ್ತದೆ, ಅವರು ನೋಡದೆ ಒತ್ತಲು ಶುರು ಮಾಡುತ್ತಾರೆ.